ನಾಲ್ಕು ವರ್ಷ ಸ್ಟೋರಿಗ್ರಾಫ್ ಬಳಸಿದ್ಮೇಲೆ ಹೊಸ ಲೇಖಕರು ಸಿಕ್ಕಿದ್ದು ಹೀಗೆ

ಓದಿದ ಪುಸ್ತಕಗಳ ಲೆಕ್ಕ ಇಟ್ಟು, ಮುಂದೆ ಓದೋಕೆ ಸಲಹೆ ಕೊಡೋ ಸ್ಟೋರಿಗ್ರಾಫ್ ಅನ್ನೋ ಆಪನ್ನ 2021ರಲ್ಲಿ ಹಾಕ್ಕೊಂಡೆ, ನಾಲ್ಕು ವರ್ಷದ ಮೇಲಾಯ್ತು. ಅದಕ್ಕೂ ಮುಂಚೆ ಬೇರೆ ಒಂದು ಆಪ್ ಇತ್ತು, ಅದ್ರಲ್ಲಿ ಯಾವ ಪುಸ್ತಕ ತೆಗೆದು ನೋಡಿದ್ರೂ ನಾಲ್ಕರ ಆಸುಪಾಸು ಸ್ಟಾರ್, ಎಲ್ರೂ ಓದ್ತಿರೋ ಅದೇ ಹತ್ತು ಹದಿನೈದು ಪುಸ್ತಕ ತಿರುಗಾ ಮುರುಗಾ ಕಣ್ಣಿಗೆ ಬೀಳ್ತಿದ್ವು. ಈಗಿನ ಕಾಲದಲ್ಲಿ ಒಳ್ಳೇದು ಬರೀತಿರೋರು ಯಾರು ಅನ್ನೋ ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗ್ಲಿಲ್ಲ.

ಸ್ಟೋರಿಗ್ರಾಫ್ ನಾಡಿಯಾ ಒಡುನಾಯೊ ಅನ್ನೋ ಡೆವಲಪರ್ 2019ರಲ್ಲಿ ಶುರು ಮಾಡಿದ ಆಪ್. ಹಳೇ ಆಪಿಂದ ನನ್ನ ಪುಸ್ತಕಗಳ ಪಟ್ಟಿಯ ಫೈಲ್ ಇಳಿಸ್ಕೊಂಡು ಇಲ್ಲಿ ಏರಿಸಿದೆ, ಅಷ್ಟೇ ಕೆಲಸ. ಸ್ಟಾರಲ್ಲಿ ಅರ್ಧ, ಕಾಲು ಕೂಡ ಕೊಡಬಹುದು, ಆದ್ರೆ ನಂಗೆ ಉಪಯೋಗಕ್ಕೆ ಬಂದಿದ್ದು ಅದಲ್ಲ. ಓದಿದೋರು ಪುಸ್ತಕದ ಮೂಡ್ ಏನು, ನಿಧಾನಾನಾ ವೇಗಾನಾ, ಕಥೆ ನಡ್ಸೋದು ಘಟನೆಗಳಾ ಪಾತ್ರಗಳಾ ಅಂತ ಗುರುತು ಹಾಕಿರ್ತಾರೆ, ನಾವು ಅದನ್ನೇ ಫಿಲ್ಟರ್ ಮಾಡಿ ಹುಡುಕಬಹುದು. ಒಂದು ವರ್ಷ ಆದ್ಮೇಲೆ ನನ್ನ ಓದಿನ ಬಗ್ಗೆ ಆಪ್ ತೋರಿಸೋ ಚಾರ್ಟ್ ತೆಗೆದು ನೋಡಿದ್ರೆ, ನಾನು ಥ್ರಿಲ್ಲರ್ ಓದೋನು ಅಂದ್ಕೊಂಡಿದ್ದೆ, ಆದ್ರೆ ಮನಸ್ಸಲ್ಲಿ ಉಳಿದ ಪುಸ್ತಕ ಎಲ್ಲಾ ನಿಧಾನದ್ದೇ, ಒಂದು ಮನೆಯೊಳಗೇ ಮುಗಿಯೋ ಥರದ್ದು! ಅದು ತಿಳಿದ್ಮೇಲೆ ನಾನು ಹುಡುಕೋ ದಾರಿನೇ ಬದಲಾಯ್ತು.

ಒಂದು ಮಾತು, ಆಪ್ ಸಲಹೆ ಕೊಡೋದು ನಾವು ಓದಿದ್ದನ್ನ, ನಮ್ಮಿಷ್ಟ ಅಂತ ಹೇಳಿದ್ದನ್ನ ನೋಡಿ. ನಾವು ಕಾಲೇ ಇಡದ ಭಾಷೆಯ ಲೇಖಕರ ಹತ್ರ ಅದು ತಾನಾಗೇ ಕರ್ಕೊಂಡು ಹೋಗಲ್ಲ, ಹೊರಗಿಂದ ನಾವೇ ತಂದು ಹಾಕ್ಬೇಕು. ಇಂಗ್ಲಿಷಿಗೆ ಅನುವಾದ ಆದ ಪುಸ್ತಕಗಳಿಗೆ ಕೊಡೋ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯ ಲಾಂಗ್‌ಲಿಸ್ಟ್, ಅಂದ್ರೆ ಮೊದಲ ಸುತ್ತಿನ ಪಟ್ಟಿ, ಪ್ರತಿ ವರ್ಷ ಬಂದಾಗ ನಾನು ಅದ್ರಲ್ಲಿರೋ ಹನ್ನೆರಡು ಹದಿಮೂರು ಪುಸ್ತಕಾನೂ ಆಪಲ್ಲಿ ಸೇರಿಸ್ತೀನಿ. ಗೆದ್ದಿದ್ದು ಯಾವುದು ಅಂತ ಕಾಯಲ್ಲ, ಗೆಲ್ಲದ ಪುಸ್ತಕಗಳಲ್ಲೇ ನಂಗೆ ಜಾಸ್ತಿ ಲೇಖಕರು ಸಿಕ್ಕಿದಾರೆ. ಆ ಪ್ರಶಸ್ತಿಯ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಸಮ ಹಂಚ್ತಾರೆ, ಅದನ್ನ ಓದಿದ್ಮೇಲೇ ನಾನು ಅನುವಾದಕರ ಹೆಸರು ನೋಡೋಕೆ ಶುರು ಮಾಡಿದ್ದು. ಈಗ ಒಂದು ಅನುವಾದ ಇಷ್ಟ ಆದ್ರೆ ಆ ಅನುವಾದಕರು ಬೇರೆ ಯಾರ್ಯಾರನ್ನ ತಂದಿದಾರೆ ಅಂತ ಹುಡುಕ್ತೀನಿ. ಒಬ್ಬ ಅನುವಾದಕಿಯ ಬೆನ್ನು ಹತ್ತಿ ನಾಲ್ಕು ಜನ ಲೇಖಕರು ಸಿಕ್ರು, ನಾಲ್ವರೂ ಈಗ ಬರೀತಿರೋರೇ, ಒಬ್ರ ಹೆಸರೂ ನಾನು ಮೊದ್ಲು ಕೇಳಿರ್ಲಿಲ್ಲ.

ಪುಸ್ತಕದ ಕೊನೇಲಿ ಕೃತಜ್ಞತೆ ಅಂತ ಒಂದೆರಡು ಪುಟ ಇರುತ್ತಲ್ಲ, ಎಲ್ರೂ ಬಿಟ್ಟು ಮುಚ್ಚಿಡ್ತಾರೆ, ದಯವಿಟ್ಟು ಓದಿ. ಕರಡು ಓದಿ ಕೊಟ್ಟ ಸ್ನೇಹಿತರು ಅಂತ ಅಲ್ಲಿ ಹೆಸರು ಹಾಕಿರ್ತಾರೆ, ಅವ್ರಲ್ಲಿ ಎಷ್ಟೋ ಜನ ತಾವೂ ಲೇಖಕರೇ. ನಾನು ಬೆರಳಿಟ್ಟು ಒಂದೊಂದೇ ಹೆಸರು ಆಪಲ್ಲಿ ಟೈಪ್ ಮಾಡಿ ನೋಡ್ತೀನಿ.

ವಿಮರ್ಶೆ ಓದೋದಾದ್ರೆ ಮೂರು ಸ್ಟಾರಿಂದು ಓದಿ, ಐದು ಕೊಟ್ಟೋರು ಬರೀ ಹೊಗಳ್ತಾರೆ, ಒಂದು ಕೊಟ್ಟೋರು ಸಿಟ್ಟಲ್ಲಿರ್ತಾರೆ, ಮೂರು ಕೊಟ್ಟೋರು ಯಾವುದು ಹಿಡಿಸ್ತು ಯಾವುದು ಹಿಡಿಸ್ಲಿಲ್ಲ ಅಂತ ಬಿಡಿಸಿ ಹೇಳ್ತಾರೆ, ಅವ್ರಿಗೆ ಹಿಡಿಸದೇ ಇದ್ದಿದ್ದೇ ಎಷ್ಟೋ ಸಲ ನಂಗೆ ಬೇಕಾಗಿದ್ದು. ಅರ್ಧಕ್ಕೇ ಬಿಟ್ಟ ಪುಸ್ತಕಕ್ಕೂ ಇಲ್ಲಿ ಬೇರೆ ಜಾಗ ಇದೆ, ನಾನು ಐವತ್ತು ಪುಟಕ್ಕೆ ಹಿಡಿಸ್ಲಿಲ್ಲ ಅಂದ್ರೆ ಅಲ್ಲಿಗೆ ಹಾಕ್ತೀನಿ.

ಗೆಳೆಯರ ಜೊತೆ ಸೇರಿ ಓದೋ ಬಡ್ಡಿ ರೀಡ್ ಅಂತ ಇದೆ, ಮುಂದಿನ ಪುಟದ ಬಗ್ಗೆ ಅವ್ರು ಬರೆದಿದ್ದು ನಾವು ಆ ಪುಟಕ್ಕೆ ಬರೋವರ್ಗೂ ತೆರ್ಕೊಳಲ್ಲ. ಹೋದ ತಿಂಗಳು ಅಕ್ಕನ ಜೊತೆ ಒಂದು ಕಾದಂಬರಿ ಓದಿದೆ, ಅವ್ಳು ನನಗಿಂತ ಅರವತ್ತು ಪುಟ ಮುಂದಿದ್ಲು, ಅವ್ಳು ಬರೆದಿದ್ದು ಬೀಗ ಹಾಕ್ಕೊಂಡು ಕಾಯ್ತಿತ್ತು, ಅದನ್ನ ತೆರೀಬೇಕು ಅಂತಾನೇ ಆವತ್ತು ರಾತ್ರಿ ಒಂದು ಗಂಟೆವರ್ಗೂ ಓದಿದೆ. ತೆರೆದ್ರೆ ಒಂದೇ ಸಾಲು: 'ಇವ್ರು ಬರೆದ ಇನ್ನೊಂದು ಪುಸ್ತಕ ಹುಡುಕ್ಕೊಡೋ.'