ರೋಡ್ ಎನ್‌ಟಿ1 ಐದನೇ ತಲೆಮಾರು: ಕ್ಯಾಮೆರಾ ಬಿಟ್ಟು ಕಂಠದಾನಕ್ಕೆ ಬಂದವರಿಗೆ

ಬಾಲನಟರಾಗಿ ಬೆಳೆದವರು ಕಂಠದಾನಕ್ಕೆ ಬಂದಾಗ ಸೆಟ್ಟಿನ ಅಭ್ಯಾಸಗಳೂ ಜೊತೆಗೇ ಬರುತ್ತವೆ. ಮಾತಾಡುತ್ತ ಕತ್ತು ತಿರುಗಿಸುತ್ತಾರೆ, ಪಿಸುಮಾತಿನಿಂದ ಒಮ್ಮೆಲೇ ಚೀರಾಟಕ್ಕೆ ಏರುತ್ತಾರೆ. ಸೆಟ್ಟಿನಲ್ಲಿ ಬೂಮ್ (ಉದ್ದ ಕೋಲಿನ ಮೈಕು) ಹಿಡಿದವರು ಇದನ್ನೆಲ್ಲ ಸಂಭಾಳಿಸುತ್ತಾರೆ. ಮನೆಯಲ್ಲಿ ರೆಕಾರ್ಡ್ ಮಾಡುವಾಗ ಆ ಭಾರವೆಲ್ಲ ಮೈಕಿನದು. ಅಂಥವರಿಗೆ ರೋಡ್ ಕಂಪನಿಯ ಈ ಎನ್‌ಟಿ1 ಮೈಕನ್ನು ಧೈರ್ಯವಾಗಿ ಹೇಳಬಹುದು.

ಮುಖ್ಯ ಕಾರಣ, ಯುಎಸ್‌ಬಿಯಲ್ಲಿ ಸಿಗುವ 32-ಬಿಟ್ ಫ್ಲೋಟ್, ಅಂದರೆ ಪಿಸುಮಾತಿನಿಂದ ಚೀರಾಟದವರೆಗೆ ಎಲ್ಲವನ್ನೂ ಒಡೆಯದೆ ಹಿಡಿದಿಡುವ ರೆಕಾರ್ಡಿಂಗ್ ವಿಧಾನ. ಚೀರಿದ ದನಿ ಮೀಟರ್‌ನ ಮಿತಿ ದಾಟಿದರೂ ಆಮೇಲೆ ಮಟ್ಟ ಇಳಿಸಿದರೆ ಧ್ವನಿ ಒಡೆದಿರುವುದಿಲ್ಲ. ಆದರೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನಲ್ಲೂ 32-ಬಿಟ್ ಫ್ಲೋಟ್ ಆರಿಸಿರಲೇಬೇಕು. ಅದು 24-ಬಿಟ್‌ನಲ್ಲೇ ಉಳಿದಿದ್ದರೆ ಈ ಲಾಭ ಸಿಗದು, ಹಲವರು ಎಡವುವುದು ಇಲ್ಲೇ. ಸ್ಟುಡಿಯೋಗಳಲ್ಲಿ ಬಳಸುವ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಈ ಸೌಲಭ್ಯವಿಲ್ಲ, ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್) ಕೊಡುವ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಬೇಕು, ಗೇನ್ (ದನಿ ಹಿಗ್ಗಿಸುವ ಮಟ್ಟ) ಕೂಡ ನೋಡಿಕೊಂಡೇ ಇಡಬೇಕು.

ಚಿನ್ನದ ಚುಕ್ಕೆ ಇರುವ ಬದಿ ಬಾಯಿಯ ಕಡೆಗಿರಲಿ. ಜೊತೆಗೆ ಬರುವ ಪಾಪ್ ಫಿಲ್ಟರ್ (ಪ, ಬ ಅಕ್ಷರಗಳ ಗಾಳಿ ತಡೆಯುವ ಜಾಲರಿ) ಹಾಕಿ 15–20 ಸೆಂ.ಮೀ. ದೂರದಲ್ಲಿ ನಿಂತರೆ ಸಹಜ ದನಿ ಬರುತ್ತದೆ. ಹತ್ತಿರ ಹೋದಷ್ಟೂ ತಗ್ಗಿನ ಸ್ವರ ಉಬ್ಬುತ್ತದೆ. ದೊಡ್ಡವರಾದ ಮೇಲೂ ಮಕ್ಕಳ ಪಾತ್ರಕ್ಕೆ ದನಿ ಕೊಡುವವರಿಗೆ ಇದೇ ತೊಡಕು: ಎಳೆ ಗಂಟಲು ದಪ್ಪಗಾಗಿ ವಯಸ್ಸು ಬಯಲಾಗುತ್ತದೆ. ಅಂಥ ಸಾಲುಗಳಿಗೆ 25–30 ಸೆಂ.ಮೀ. ದೂರಕ್ಕೆ ಹಿಂದೆ ಸರಿಯಿರಿ. ಕತ್ತು ತಿರುಗಿಸಿದರೆ ಅಕ್ಷರಗಳ ಚುರುಕು ಮಾಯವಾಗುತ್ತದೆ, ಯಾವ ಬಿಟ್ ಲೆಕ್ಕವೂ ಅದನ್ನು ಮರಳಿ ತರದು. ಅಭಿನಯ ಕೈಯಲ್ಲಿರಲಿ, ಬಾಯಿ ಒಂದೇ ಕಡೆ ನಿಲ್ಲಲಿ.

ಮೈಕಿನ ಸ್ವಂತ ಗದ್ದಲ 4 ಡಿಬಿಎ ಮಾತ್ರ. ಹಾಗಾಗಿ ಕೇಳಿಸುವ ಸದ್ದು ಬಹುಪಾಲು ಕೋಣೆಯದೇ: ಫ್ಯಾನ್, ಗೋಡೆಯ ಪ್ರತಿಧ್ವನಿ. ಮೊದಲ ಖರ್ಚು ದಪ್ಪ ಪರದೆ, ಕಂಬಳಿಗಳ ಮೇಲಿರಲಿ.

ನಿಜವಾದ ಕೊರತೆ ಹೆಡ್‌ಫೋನ್ ಜ್ಯಾಕ್ ಇಲ್ಲದಿರುವುದು. ಯುಎಸ್‌ಬಿಯಲ್ಲಿ ಸ್ವಂತ ದನಿ ಕಂಪ್ಯೂಟರ್ ಮೂಲಕವೇ ಕೇಳಿಸಬೇಕು, ತಡವಾದರೆ ತುಟಿಚಲನೆಗೆ ಹೊಂದಿಸುವ ಡಬ್ಬಿಂಗ್‌ನಲ್ಲಿ ಲಯ ತಪ್ಪುತ್ತದೆ. ಅದೇ ಮುಖ್ಯ ಕೆಲಸವಾಗಿದ್ದರೆ ಎಕ್ಸ್‌ಎಲ್‌ಆರ್ ದಾರಿಯೇ ಮೇಲು, ಹೆಡ್‌ಫೋನನ್ನು ಇಂಟರ್‌ಫೇಸ್‌ಗೇ ಚುಚ್ಚಿ ನೇರವಾಗಿ ಕೇಳಬಹುದು. ಆಡಿಯೋಬುಕ್, ಆನಿಮೇಷನ್ ಆಡಿಷನ್‌ಗಳಿಗೆ ಯುಎಸ್‌ಬಿ ಸಾಕು. ರೋಡ್‌ನ ಸಾಫ್ಟ್‌ವೇರ್‌ನಲ್ಲಿರುವ ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸುವುದು), ನಾಯ್ಸ್ ಗೇಟ್ (ಮಾತಿಲ್ಲದಾಗ ಸದ್ದು ಮುಚ್ಚುವುದು) ಬಂದ್ ಮಾಡಿಡಿ. ಕಚ್ಚಾ ಧ್ವನಿ ಕೇಳುವ ಸ್ಟುಡಿಯೋಗಳಿಗೆ ಮಟ್ಟ ಸರಿಪಡಿಸಿ, ಕೇಳಿದ್ದರೆ 24-ಬಿಟ್, 48 ಕಿಲೋಹರ್ಟ್ಜ್ ವೇವ್ ಕಡತ ಮಾಡಿ ಕಳಿಸಿ.