ಕಾದಾಗ ನಿಂತುಹೋಗುವ ಹಳೆಯ ಪಿಕಪ್: ಪರೀಕ್ಷಿಸದೆ ಬಿಡಿಭಾಗ ಬದಲಿಸುವವರ ಬಗ್ಗೆ ಎಚ್ಚರ

ನನ್ನ ಹಳೆಯ ಪೆಟ್ರೋಲ್ ಪಿಕಪ್ ಟ್ರಕ್ ತಣ್ಣಗಿರುವಾಗ ಒಂದೇ ಸೆಲ್ಫ್‌ಗೆ ಚಾಲೂ ಆಗುತ್ತಿತ್ತು. ಎಂಜಿನ್ ಚೆನ್ನಾಗಿ ಕಾದ ಮೇಲೆ ಮಾತ್ರ, ಒಮ್ಮೆಯೂ ಮುಗ್ಗರಿಸದೆ, ಕೀಲಿ ತಿರುಗಿಸಿ ಆಫ್ ಮಾಡಿದಂತೆ ಓಡುತ್ತಲೇ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟರೆ ಮತ್ತೆ ಏನೂ ಆಗದ ಹಾಗೆ ಓಡುತ್ತಿತ್ತು. ಇದೇ ಲಕ್ಷಣವನ್ನು ಹೇಳಿ ಗಾಡಿ ಬಿಟ್ಟ ಗ್ಯಾರೇಜಿನಲ್ಲಿ ಮೊದಲು ಫ್ಯೂಯೆಲ್ ಪಂಪ್, ಆಮೇಲೆ ಇಗ್ನಿಷನ್ ಕಾಯಿಲ್, ಕೊನೆಗೆ ಐಡಲ್ ಕಂಟ್ರೋಲ್ ವಾಲ್ವ್ ಬದಲಿಸಿದರು. ಇಷ್ಟಾದರೂ ಇಂಧನದ ಒತ್ತಡ ಅಳೆಯುವ ಗೇಜನ್ನು ಒಮ್ಮೆಯೂ ಜೋಡಿಸಲಿಲ್ಲ. ತಣ್ಣಗಿರುವ ಗಾಡಿಯನ್ನು ಚಾಲೂ ಮಾಡಿ ತೋರಿಸಿ ಸರಿಹೋಯಿತೆಂದು ಒಪ್ಪಿಸುವುದು, ಅದು ಮತ್ತೆ ನಿಂತಾಗ ಇನ್ನೊಂದು ಬಿಡಿಭಾಗದ ಹೆಸರು ಹೇಳುವುದು, ಇಷ್ಟೇ ಅವರ ಕ್ರಮವಾಗಿತ್ತು. ಎಂಜಿನ್ ಕಂಪ್ಯೂಟರನ್ನೇ ಬದಲಿಸಬೇಕೆಂದು ಅವರು ಹೇಳಿದಾಗ ನಾನು ಗಾಡಿಯನ್ನು ಅಲ್ಲಿಂದ ತಂದೆ.

ಕೆಟ್ಟಿದ್ದದ್ದು ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯನ್ನು ಕಂಪ್ಯೂಟರ್‌ಗೆ ಮುಟ್ಟಿಸುವ ಈ ಸೆನ್ಸರ್ ಒಳಗೆ, ಹಳೆಯ ಗಾಡಿಗಳಲ್ಲಿ ಅನೇಕ ಸಲ, ಕೂದಲಿನಷ್ಟು ಸಣ್ಣ ತಂತಿಯ ಸುರುಳಿಯಿರುತ್ತದೆ. ಆ ತಂತಿಯಲ್ಲಿ ಬಿರುಕು ಬಿಟ್ಟಿದ್ದರೆ ಕಾದು ಹಿಗ್ಗಿದಾಗ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಸಂಕೇತ ನಿಂತ ಕೂಡಲೇ ಕಂಪ್ಯೂಟರ್ ಕಿಡಿಯನ್ನೂ ಇಂಧನ ಚಿಮ್ಮಿಸುವ ಇಂಜೆಕ್ಟರನ್ನೂ ನಿಲ್ಲಿಸುತ್ತದೆ. ಸುರಕ್ಷತೆಗಾಗಿ ಫ್ಯೂಯೆಲ್ ಪಂಪಿಗೆ ವಿದ್ಯುತ್ ಕೊಡುವ ರಿಲೇಯನ್ನೂ ಆಫ್ ಮಾಡುತ್ತದೆ. ಸರಿಯಿರುವ ಪಂಪ್ ಕೆಟ್ಟಂತೆ ಕಾಣುವುದು ಇಲ್ಲಿಯೇ. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಒಂದೆರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಿ, ಸೆಲ್ಫ್ ಹೊಡೆಯುವಾಗ ಮಾತ್ರ ಅದು ಓಡದಿದ್ದರೆ, ಪಂಪನ್ನು ದೂರುವ ಮೊದಲು ಸಂಕೇತವನ್ನು ಹುಡುಕಬೇಕು.

ಇದನ್ನು ಪತ್ತೆ ಮಾಡಿದ ಎರಡನೆಯ ಮೆಕ್ಯಾನಿಕ್ ವಿಶೇಷವಾದದ್ದೇನನ್ನೂ ಮಾಡಲಿಲ್ಲ, ಗಾಡಿ ನಿಲ್ಲುವವರೆಗೆ ಓಡಿಸಿ ನಿಂತ ಸ್ಥಿತಿಯಲ್ಲಿಯೇ ಪರೀಕ್ಷಿಸಿದರು. ಕಿಡಿ ಇರಲಿಲ್ಲ, ಇಂಜೆಕ್ಟರ್‌ಗೆ ಸಂಕೇತವೂ ಇರಲಿಲ್ಲ. ಸೆಲ್ಫ್ ಹೊಡೆಯುತ್ತಿದ್ದರೂ ಸ್ಕ್ಯಾನರ್ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸೊನ್ನೆ ಎಂದೇ ತೋರಿಸುತ್ತಿತ್ತು. ಮಲ್ಟಿಮೀಟರ್ ಹಿಡಿದಾಗ ಬಿಸಿ ಸೆನ್ಸರಿನ ಸುರುಳಿ ಪೂರ್ತಿ ಕಡಿದಂತೆ ತೋರಿತು, ತಣಿದ ಮೇಲೆ ಅಳತೆ ಸರಿಯಾಗಿ ಬಂತು. (ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಬಗೆಯ ಸೆನ್ಸರ್‌ಗೆ, ತಂತಿಯ ರೋಧ ನೋಡುವ ಈ ಓಂ ಅಳತೆ ಒಪ್ಪುವುದಿಲ್ಲ, ಅದರ ಸಂಕೇತವನ್ನೇ ನೋಡಬೇಕು.) ಮೊದಲ ಗ್ಯಾರೇಜ್ ಪ್ರತಿ ಸಲವೂ ಬ್ಯಾಟರಿ ಕಳಚಿದ್ದರಿಂದ ಕಂಪ್ಯೂಟರಿನಲ್ಲಿ ಇದ್ದಿರಬಹುದಾದ ದೋಷಸಂಕೇತಗಳೂ ಅಳಿಸಿಹೋಗಿದ್ದವು. ಕ್ರ್ಯಾಂಕ್ ಸೆನ್ಸರಿನ ಸಾಮಾನ್ಯ ದೋಷಸಂಕೇತ ಪಿ0335. ಆದರೆ ಹಳೆಯ ಗಾಡಿಗಳಲ್ಲಿ ಅದು ದಾಖಲಾಗದೆಯೂ ಸೆನ್ಸರ್ ಕೈಕೊಡಬಹುದು.

ಎಲ್ಲ ನಿಲುಗಡೆಯೂ ಸೆನ್ಸರಿನದಲ್ಲ. ಎಂಜಿನ್ ಎಳೆಯಲಾರದೆ ಮುಗ್ಗರಿಸುತ್ತಾ ಸತ್ತರೆ ಇಂಧನದ ಕಡೆ, ಅಂದರೆ ಕಟ್ಟಿಕೊಂಡ ಫಿಲ್ಟರ್, ಸೊರಗಿದ ಪಂಪ್, ಪಂಪಿನ ತುಕ್ಕು ಹಿಡಿದ ಅರ್ತ್ ತಂತಿ, ಇವುಗಳ ಕಡೆ ನೋಡಬೇಕು. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ ಮಾತ್ರ ನಿಂತರೆ ಥ್ರಾಟಲ್ ಬಾಡಿಯ ಇಂಗಾಲ, ವ್ಯಾಕ್ಯೂಮ್ ಸೋರಿಕೆ ಅಥವಾ ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಕವಾಟ) ಕಾರಣವಾಗಿರಬಹುದು. ಟ್ಯಾಂಕಿನ ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಂಡು, ನಂತರ ಗಾಡಿ ಸರಾಗವಾಗಿ ಚಾಲೂ ಆದರೆ ಟ್ಯಾಂಕಿನ ಗಾಳಿಕಿಂಡಿ ಮುಚ್ಚಿದೆಯೆಂದು ಅನುಮಾನಿಸಬಹುದು.

ಮತ್ತೆ ಚಾಲೂ ಆಗುತ್ತದಲ್ಲ ಎಂದು ಇಂಥ ಗಾಡಿಯನ್ನು ಓಡಿಸುತ್ತಲೇ ಇರುವುದು ಅಪಾಯ. ಎಂಜಿನ್ ನಿಂತೊಡನೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ. ತುಳಿತಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಕೆಲವೇ ಸಲ ಬ್ರೇಕ್ ತುಳಿಯುವುದರಲ್ಲಿ ಖಾಲಿಯಾಗಿ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಇಳಿಜಾರಿನಲ್ಲಿ ನಿಂತರೆ ಪೆಡಲನ್ನು ಪದೇಪದೇ ಒತ್ತಿ ಬಿಡಬಾರದು, ಒಂದೇ ಸಮನೆ ಬಲವಾಗಿ ಒತ್ತಿ ಹಿಡಿಯಬೇಕು. ಗ್ಯಾರೇಜಿಗೆ ಕೊಡುವ ಮುನ್ನ, ಗಾಡಿ ನಿಂತ ಸ್ಥಿತಿಯಲ್ಲಿ ಕಿಡಿ, ಇಂಧನದ ಒತ್ತಡ ಮತ್ತು ಸೆಲ್ಫ್ ಹೊಡೆಯುವಾಗಿನ ಆರ್‌ಪಿಎಂ ಈ ಮೂರನ್ನೂ ಅಳೆದು ಬರೆದುಕೊಡಬೇಕೆಂದೂ, ಆ ಅಳತೆ ಕೈಗೆ ಬರುವವರೆಗೆ ಯಾವ ಬಿಡಿಭಾಗವನ್ನೂ ಬಿಚ್ಚಬಾರದೆಂದೂ ಲಿಖಿತವಾಗಿ ತಿಳಿಸಿ. ಇದಕ್ಕೆ ಒಪ್ಪದ ಕಡೆ ಕೀಲಿ ಕೊಡಬೇಡಿ.