ಮೀನುಗಾರಿಕೆ ಸಮ್ಮೇಳನಕ್ಕೆ ಸ್ಪಾನ್ಸರ್ ಆಗುವ ಮೊದಲು ಇದನ್ನು ಓದಿ

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಸಿಗಡಿ ಕೆರೆಗೆ ಬೇಕಾದ ಏರೇಟರ್ (ನೀರಿಗೆ ಗಾಳಿ ಸೇರಿಸುವ ಯಂತ್ರ), ಪ್ರೋಬಯೋಟಿಕ್ ಮಾರುತ್ತೇನೆ. ಫೀಡ್, ಬಲೆ, ಐಸ್ ಪ್ಲಾಂಟ್ ಅಂತ ಇದೇ ಲೈನಿನಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ. ನನ್ನ 1,77,000 ರೂಪಾಯಿ ಹೋಯಿತು.

ಮಾರ್ಚ್‌ನಲ್ಲಿ ಒಂದು ಮೇಲ್ ಬಂತು. ಮಂಗಳೂರಿನಲ್ಲಿ ಜಲಕೃಷಿ, ಮೀನುಗಾರಿಕೆಯ ಅಂತಾರಾಷ್ಟ್ರೀಯ ಸಮ್ಮೇಳನವಂತೆ, 600 ಪ್ರತಿನಿಧಿಗಳಂತೆ. ‘ಸಿಲ್ವರ್ ಸ್ಪಾನ್ಸರ್’ ಆದರೆ ಸ್ಟಾಲ್, ಬ್ಯಾನರಿನಲ್ಲಿ ಲೋಗೋ, ವೇದಿಕೆಯಲ್ಲಿ ಹತ್ತು ನಿಮಿಷ ಮಾತು. ಒಂದೂವರೆ ಲಕ್ಷ, ಅದರ ಮೇಲೆ 18% ಜಿಎಸ್‌ಟಿ. ಹಿಂದೆಯೇ ಒಬ್ಬ ಹುಡುಗಿಯ ಫೋನ್. ಜೂನ್‌ನಲ್ಲಿ ಯಾಕಮ್ಮ, ಜಡಿಮಳೆ ಅಲ್ವಾ ಅಂದೆ. ‘ಸರ್, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್. ಬೋಟಿನವರೆಲ್ಲ ಫ್ರೀ, ನಿಮ್ಮ ಸ್ಟಾಲಿಗೇ ಬರ್ತಾರೆ’ ಅಂದಳು. ಹೌದಲ್ಲ ಅನಿಸಿತು. ಬೋಟಿನವರು ಏರೇಟರ್ ತಗೊಂಡು ಏನು ಮಾಡ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ!

ಪಿಕಪ್‌ನಲ್ಲಿ ಪ್ಯಾಡಲ್ ವೀಲ್ ಏರೇಟರ್ ಹೇರಿಕೊಂಡು ಹೋದೆವು. ಸ್ಟಾಲ್ ಅಂದರೆ ಹೋಟೆಲ್ ಹಾಲಿನ ಹೊರಗೆ, ಕೈತೊಳೆಯುವ ಜಾಗದ ಪಕ್ಕ ಒಂದು ಮೇಜು. ಒಳಗೆ ಎಣಿಸಿದೆ, 31 ಜನ. ಹೆಚ್ಚಿನವರು ಸರ್ಟಿಫಿಕೇಟಿಗೆ ಬಂದ ಹುಡುಗರು, ಅದೂ ಬೇರೆ ಬೇರೆ ವಿಷಯದವರು. ಒಂದೇ ಹಾಲಿನಲ್ಲಿ ಅದೇ ದಿನ ಮೂರು ‘ಸಮ್ಮೇಳನ’! ವೇದಿಕೆಯ ಬ್ಯಾನರಿನಲ್ಲಿ ‘ಫಿಶರೀಸ್’ ಅನ್ನುವುದು ಸ್ಟಿಕ್ಕರ್. ಒಂದು ತುದಿ ಎದ್ದು ಬಂದಿತ್ತು, ಅಡಿಯಲ್ಲಿ ‘ನರ್ಸಿಂಗ್’ ಅಂತ ಇಣುಕುತ್ತಿತ್ತು. ಒಬ್ಬಳು ಬಂದು ಏರೇಟರಿನ ರೆಕ್ಕೆ ಮುಟ್ಟಿ, ‘ಅಂಕಲ್, ಇದು ಯಾವ ಎಕ್ಸರ್ಸೈಜ್‌ಗೆ?’ ಅಂತ ಕೇಳಿದಳು. ನನ್ನ ಹತ್ತು ನಿಮಿಷ ಊಟದ ಹೊತ್ತಿಗೆ ಸಿಕ್ಕಿತು. ಕೇಳಿದ್ದು ಮೈಕಿನವನು ಮತ್ತು ನಮ್ಮ ಪಿಕಪ್ ಡ್ರೈವರ್.

ತಿಂಗಳಾದ ಮೇಲೆ ಆಡಿಟರ್ ಫೋನ್ ಮಾಡಿ, ನಿಮ್ಮ 2ಬಿಯಲ್ಲಿ (ಮಾರಿದವರು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ಈ ಬಿಲ್ಲೇ ಇಲ್ಲ ಅಂದರು. ಬಿಲ್ಲಿನ ಜಿಎಸ್‌ಟಿ ನಂಬರ್ ಪೋರ್ಟಲ್‌ನಲ್ಲಿ ಹಾಕಿದರೆ ಯಾವತ್ತೋ ರದ್ದಾದದ್ದು. ಎರಡು ನಿಮಿಷದ ಕೆಲಸ, ಪುಕ್ಕಟೆ, ದುಡ್ಡು ಹಾಕುವ ಮೊದಲೇ ನೋಡಬಹುದಿತ್ತು. ವಕೀಲರ ಹತ್ತಿರ ಹೋದೆ. ಕಾರ್ಯಕ್ರಮ ನಡೆದಿದೆಯಲ್ಲ, ಎಷ್ಟು ಜನ ಬರಬೇಕು ಅಂತ ಎಲ್ಲಿ ಬರೆಸಿಕೊಂಡಿದ್ದೀರಿ ಅಂತ ಕೇಳಿದರು. ಎಲ್ಲೂ ಇಲ್ಲ. 600 ಅನ್ನುವುದು ಮೇಲ್‌ನಲ್ಲಿ ‘ನಿರೀಕ್ಷೆ’ ಅಷ್ಟೆ. ಅರ್ಧ ದುಡ್ಡನ್ನಾದರೂ ಸಮ್ಮೇಳನ ಮುಗಿದ ಮೇಲೆ ಕೊಡುತ್ತೇನೆ ಅನ್ನಬೇಕಿತ್ತು.

ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಇದೇ ಮಂಗಳೂರಿನಲ್ಲಿ. ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯ ಪ್ರಾದೇಶಿಕ ಕೇಂದ್ರ ಇಲ್ಲಿದೆ. ಏಷ್ಯನ್ ಫಿಶರೀಸ್ ಸೊಸೈಟಿಯ ಭಾರತ ಶಾಖೆಯೂ ಇಲ್ಲೇ. ನಿಜವಾದ ಸಮ್ಮೇಳನ ಆಗಿದ್ದರೆ ಇವರಲ್ಲಿ ಯಾರಿಗಾದರೂ ಗೊತ್ತಿರುತ್ತಿತ್ತು. ಕಾಲೇಜು ಇರುವ ಎಕ್ಕೂರಿಗೆ ಒಂದು ಆಟೋ ಮಾಡಿದ್ದರೆ ಸಾಕಿತ್ತು, ನಾನು ಮೇಲ್ ಜೊತೆಗಿದ್ದ ಪಿಡಿಎಫ್‌ನಲ್ಲಿ ಹಾಕಿದ್ದ ದೊಡ್ಡವರ ಹೆಸರುಗಳನ್ನು ಓದಿಯೇ ಖುಷಿಪಟ್ಟೆ. ಎಲ್ಲ ಮುಗಿದ ಮೇಲೆ ಆ ಪಟ್ಟಿಯಲ್ಲಿದ್ದ ಒಬ್ಬ ನಿವೃತ್ತ ಪ್ರೊಫೆಸರ್‌ಗೆ ಫೋನ್ ಮಾಡಿದೆ. ‘ಮಾರಾಯರೇ, ನನ್ನ ಹೆಸರು ಹಾಕಿದ್ದಾರೆ ಅಂತ ನೀವು ಹೇಳಿಯೇ ಗೊತ್ತಾದ್ದು’ ಅಂದರು.

ಕಳೆದ ವಾರ ಅದೇ ಹುಡುಗಿಯ ಫೋನ್ ಮತ್ತೆ ಬಂತು. ಈ ಸಲ ಗೋವಾ, ‘ಹಳೇ ಸ್ಪಾನ್ಸರ್‌ಗೆ’ ಡಿಸ್ಕೌಂಟ್ ಬೇರೆ. ಪಿಡಿಎಫ್ ಇಟ್ಟುಕೊಂಡಿದ್ದೇನೆ. ನಿಮಗೂ ಅಂಥದ್ದೇ ಬಂದಿದ್ದರೆ ಕೇಳಿ, ಹೋಲಿಸಿ ನೋಡಲು ಕಳಿಸುತ್ತೇನೆ.